ರಾತ್ರಿ ಊಟ ಬಿಟ್ಟರೆ ಅದು ಮಧ್ಯಮ ಮಾರ್ಗವಾ?

ತಿಂಡಿಪೋತ, ಬಸವನಗುಡಿ:
ತೂಕ 91 ಕೆಜಿ. ಮೂರು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದೇನೆ. ಬಿಟ್ಟಿದ್ದೇನೆ ಅಂತ ಹೇಳಿಕೊಳ್ಳೋದು ಅಷ್ಟೆ, ವಾರಕ್ಕೆರಡು ಸಲ ಹತ್ತು ಗಂಟೆಗೆ ಹಸಿವು ತಡೆಯದೆ ಗಾಡಿ ತೆಗೆದು ವಿ.ವಿ. ಪುರಂ ತಿಂಡಿ ಬೀದಿಗೆ ಹೋಗುತ್ತೇನೆ, ಒಂದೇ ದೋಸೆ ಅಂತ ಶುರುವಾಗಿದ್ದು ಹೋಳಿಗೆ ದಾಟಿ ಗುಲ್ಕನ್ ಐಸ್‌ಕ್ರೀಮಿಗೆ ಬಂದು ನಿಲ್ಲುತ್ತದೆ. ಗಾಂಧಿನಗರದ ಬೌದ್ಧ ಕೇಂದ್ರ ಮಹಾಬೋಧಿ ಸೊಸೈಟಿಗೆ ಹೋಗುವ ಗೆಳೆಯ 'ಮಧ್ಯಮ ಮಾರ್ಗ ಹಿಡಿಯೋ' ಅಂತಾನೆ, ಅಂದರೆ ಅತಿ ಭೋಗವೂ ಬೇಡ, ಅತಿ ದೇಹದಂಡನೆಯೂ ಬೇಡ ಅನ್ನೋ ಬುದ್ಧನ ದಾರಿ. ಭಿಕ್ಷುಗಳೂ ಮಧ್ಯಾಹ್ನದ ಮೇಲೆ ಉಣ್ಣಲ್ಲ ಅಲ್ವಾ? ಮತ್ತೆ ನಂದೇನು ತಪ್ಪು?

ರಾಗಿಮುದ್ದೆ:
ಭಿಕ್ಷುಗಳು ಹತ್ತು ಗಂಟೆಗೆ ಹೋಳಿಗೆ ಹುಡುಕಿಕೊಂಡು ಹೋಗಲ್ಲ ಸ್ವಾಮಿ. ಉಪವಾಸ ಮಾಡಿ ಮೂಳೆ ಚಕ್ಕಳವಾದ ಮೇಲೆಯೇ ಸಿದ್ಧಾರ್ಥ ಅದು ದಾರಿಯಲ್ಲ ಅಂತ ಬಿಟ್ಟು, ಸುಜಾತೆ ಕೊಟ್ಟ ಹಾಲಿನ ಪಾಯಸ ಉಂಡಿದ್ದು. ನಿಮಗೆ ಬೇಕಾಗಿರೋದು ಕೋಸಲದ ರಾಜ ಪ್ರಸೇನಜಿತನ ಕಥೆ. ಅವನು ದ್ರೋಣದಷ್ಟು, ಅಂದರೆ ಆ ಕಾಲದ ಒಂದು ದೊಡ್ಡ ಅಳತೆಯಷ್ಟು ಅನ್ನ ಉಂಡು ಏದುಸಿರು ಬಿಡುತ್ತಾ ಬುದ್ಧನ ಹತ್ತಿರ ಬಂದ. ಬುದ್ಧ ಬೈಯಲಿಲ್ಲ, ಊಟ ಬಿಡು ಅಂತಲೂ ಅನ್ನಲಿಲ್ಲ. ಎಚ್ಚರವಿಟ್ಟು ಅಳತೆ ಅರಿತು ಉಣ್ಣುವವನಿಗೆ ನೋವು ಕಡಿಮೆ, ಮುಪ್ಪು ನಿಧಾನ ಅಂತ ನಾಲ್ಕು ಸಾಲಿನ ಒಂದು ಗಾಥೆ ಹೇಳಿದ. ಸುದರ್ಶನ ಅನ್ನೋ ಹುಡುಗನಿಗೆ ರಾಜ ಅದನ್ನು ಬಾಯಿಪಾಠ ಮಾಡಿಸಿ, ತಾನು ಊಟಕ್ಕೆ ಕೂತಾಗೆಲ್ಲ ಹೇಳು ಅಂತ ದಿನಕ್ಕೆ 100 ಕಹಾಪಣ (ಆಗಿನ ನಾಣ್ಯ) ಗೊತ್ತು ಮಾಡಿದ. ಬರುಬರುತ್ತಾ ಊಟ ಒಂದು ನಾಳಿ, ಅಂದರೆ ದ್ರೋಣಕ್ಕಿಂತ ತುಂಬಾ ಚಿಕ್ಕ ಅಳತೆಯ ಅನ್ನಕ್ಕೆ ಇಳಿಯಿತು, ಮೈಯೂ ಇಳಿಯಿತು. ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಲಿಯಲ್ಲಿ ಇದಕ್ಕೆ 'ಭೋಜನೇ ಮತ್ತಞ್ಞುತಾ' ಅಂತಾರೆ, ಊಟದಲ್ಲಿ ಅಳತೆ ಬಲ್ಲವನಾಗೋದು. ನಮ್ಮಜ್ಜಿ 'ಊಟ ಬಲ್ಲವನಿಗೆ ರೋಗವಿಲ್ಲ' ಅಂತಿದ್ದರು, ಪಾಲಿ ಗೊತ್ತಿಲ್ಲದೆ!

ಲಾಲ್‌ಬಾಗ್ ವಾಕರ್:
ಕಥೆ ಚೆನ್ನಾಗಿದೆ, ಆದರೆ ಅಳತೆ ಎಷ್ಟು ಅಂತ ಯಾರೂ ಹೇಳಲ್ಲ ನೋಡಿ. ಬುದ್ಧನ ಶಿಷ್ಯ ಸಾರಿಪುತ್ರನ ಮಾತು ನನಗೆ ಕೆಲಸಕ್ಕೆ ಬಂತು: ಇನ್ನು ನಾಲ್ಕೈದು ತುತ್ತು ಬಾಕಿ ಇರುವಾಗಲೇ ನಿಲ್ಲಿಸಿ ನೀರು ಕುಡಿ. ಮೊದಲ ವಾರ ಮದುವೆ ಮನೆಯಲ್ಲಿ ಪಾಡು ಪಟ್ಟೆ, ಬಡಿಸುವವರು ಬಿಡಬೇಕಲ್ಲ. ಇನ್ನೊಂದು, ಶುಗರ್ ಮಾತ್ರೆ ತಗೊಳ್ತಿದ್ದರೆ ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ. ನನಗೊಮ್ಮೆ ಬಸ್ಸಿನಲ್ಲೇ ಕಣ್ಣು ಕತ್ತಲೆ ಬಂದಿತ್ತು.

ತಿಂಡಿಪೋತ, ಬಸವನಗುಡಿ:
ಶುಗರ್ ಇಲ್ಲ. ಎಂಟು ಗಂಟೆಗೇ ಊಟಕ್ಕೆ ಕೂರೋಕೆ ಶುರು ಮಾಡಿದ್ದೇನೆ. ಸುದರ್ಶನನ ಕೆಲಸ ಏಳು ವರ್ಷದ ಮಗಳಿಗೆ, ದಿನಕ್ಕೆ ಐದು ರೂಪಾಯಿ. ನಿನ್ನೆ ಮೂರನೇ ಚಪಾತಿಗೆ ಕೈ ಹಾಕಿದೆ. 'ಅಪ್ಪಾ, ಸಾಕು' ಅಂದಳು. ಆಮೇಲೆ ಅದಕ್ಕೆ ತುಪ್ಪ ಸಕ್ಕರೆ ಸವರಿ, ಸುರುಳಿ ಸುತ್ತಿ, ನನ್ನೆದುರಿಗೇ ತಿಂದಳು.