ಊರಿಗೆ ಪ್ರವಾಸಿಗರನ್ನು ಕರೆಯುವ ಮುಂಚೆ ಏನೇನು ಇತ್ಯರ್ಥ ಮಾಡಿಕೊಳ್ಳಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು: ನಮ್ಮದು ಕಾಡಂಚಿನ ಸಣ್ಣ ಊರು. ಹೊರಗಿನ ಕಂಪನಿಯೊಂದು ಬಂದು, ಪರಿಸರ ಪ್ರವಾಸೋದ್ಯಮ ಶುರು ಮಾಡೋಣ, ವಸತಿಗೃಹ ನಾವೇ ಕಟ್ಟುತ್ತೇವೆ, ಊರವರಿಗೆ ಕೆಲಸ ಕೊಡುತ್ತೇವೆ ಎನ್ನುತ್ತಿದೆ. ಹುಡುಗರಿಗೆ ಉತ್ಸಾಹ, ಹಿರಿಯರಿಗೆ ದಿಗಿಲು. ಹೂಂ ಅನ್ನುವ ಮೊದಲು ಏನು ಕೇಳಬೇಕು? ಇಂಥ ಕೆಲಸದಲ್ಲಿ ಇದ್ದವರು ದಯವಿಟ್ಟು ಬಿಡಿಸಿ ಹೇಳಿ.

ಸಮುದಾಯ ಸಮಿತಿಯ ಲೆಕ್ಕ ನೋಡಿಕೊಂಡವರು: ‘ಕೆಲಸ ಕೊಡುತ್ತೇವೆ’ ಎಂಬ ಮಾತಿಗೇ ತೃಪ್ತರಾಗಬೇಡಿ. ಕೆಲಸ ಬೇರೆ, ಪಾಲು ಬೇರೆ, ತೀರ್ಮಾನಿಸುವ ಅಧಿಕಾರ ಬೇರೆ. ಮೂರನ್ನೂ ಬೇರೆಬೇರೆಯಾಗಿ ಕೇಳಿ, ಬೇರೆಬೇರೆಯಾಗಿ ಬರೆಸಿಕೊಳ್ಳಿ.

ನಾನು ಎಲ್ಲರಿಗೂ ತೋರಿಸುವ ಉದಾಹರಣೆ ಪೆರು ದೇಶದ್ದು. ತಂಬೋಪಾಟಾ ನದಿ ದಂಡೆಯ ಇನ್ಫಿಯೆರ್ನೋ ಎಂಬ ಸಮುದಾಯ 1996ರಲ್ಲಿ ಒಂದು ಖಾಸಗಿ ಕಂಪನಿಯ ಜೊತೆ 20 ವರ್ಷಗಳ ಒಪ್ಪಂದ ಮಾಡಿಕೊಂಡು ‘ಪೊಸಾದಾ ಅಮೆಜೋನಾಸ್’ ಎಂಬ ವಸತಿಗೃಹ ಕಟ್ಟಿತು. ಲಾಭದಲ್ಲಿ ಶೇ 60 ಊರಿಗೆ, ಶೇ 40 ಕಂಪನಿಗೆ. ತೀರ್ಮಾನಗಳಲ್ಲಿ ಮಾತ್ರ ಇಬ್ಬರದೂ ಸಮಪಾಲು. ಪಾಲಿನ ಪ್ರಮಾಣದಷ್ಟೇ ಈ ಕೊನೆಯ ಮಾತೂ ಮುಖ್ಯ. ಪ್ರವಾಸಿಗರನ್ನು ಹುಡುಕಿ ತರುವ ವಿದ್ಯೆ ಕಂಪನಿಗೆ ಗೊತ್ತಿತ್ತು, ನೆಲ ಮತ್ತು ಕಾಡಿನ ತಿಳಿವಳಿಕೆ ಊರಿನದು. ಅವಧಿ ಮುಗಿಯುವ ಹೊತ್ತಿಗೆ ಕಂಪನಿಯ ವಿದ್ಯೆಯೂ ಊರಿಗೆ ಬರಬೇಕು ಎನ್ನುವುದು ಒಪ್ಪಂದದ ಉದ್ದೇಶವಾಗಿತ್ತು.

ಒಂದು ಎಚ್ಚರಿಕೆ. ಲಾಭದ ಪಾಲು ಅಂದರೆ ಖರ್ಚು ಕಳೆದು ಉಳಿದದ್ದರ ಪಾಲು. ಖರ್ಚು ಬರೆಯುವುದು ಕಂಪನಿ ಒಂದೇ ಆದರೆ, ಕಾಗದದ ಮೇಲೆ ಲಾಭ ಎಷ್ಟು ಉಳಿಯಬೇಕೆಂದು ನಿರ್ಧರಿಸುವುದೂ ಅದೇ ಆಗುತ್ತದೆ. ಅದಕ್ಕೇ ಲಾಭ ಬರಲಿ ಬಿಡಲಿ, ಬಂದ ಪ್ರತಿ ಅತಿಥಿಯ ಲೆಕ್ಕದಲ್ಲಿ ಇಂತಿಷ್ಟು ಹಣ ನೇರವಾಗಿ ಊರಿನ ನಿಧಿಗೆ ಜಮೆಯಾಗಬೇಕು ಎಂದು ಮೊದಲೇ ಬರೆಸಿ. ಲೆಕ್ಕಪತ್ರ ನೋಡುವ ಹಕ್ಕು ಇರಲಿ, ವರ್ಷಕ್ಕೊಮ್ಮೆ ಊರ ಸಭೆಯಲ್ಲಿ ಅದನ್ನು ಓದಿ ಹೇಳಲಿ. ಬುಕಿಂಗ್ ಯಾರ ಕೈಯಲ್ಲಿ, ಅತಿಥಿಗಳ ಪಟ್ಟಿ ಯಾರ ಹತ್ತಿರ ಎಂಬುದನ್ನೂ ಕೇಳಿ. ಕಂಪನಿ ನಾಳೆ ಬಿಟ್ಟುಹೋದರೆ ನಿಮ್ಮ ಕೈಯಲ್ಲಿ ಬರೀ ಕಟ್ಟಡ ಉಳಿಯಬಾರದು.

ಅಭಯಾರಣ್ಯದ ಪಕ್ಕದ ಊರಾದರೆ ಪ್ರವೇಶ ಶುಲ್ಕದ ಪಾಲೂ ಕೇಳಬೇಕಾದ ಪ್ರಶ್ನೆ. ನೇಪಾಳದಲ್ಲಿ ರಾಷ್ಟ್ರೀಯ ಉದ್ಯಾನಗಳ ಆದಾಯದ ಶೇ 30ರಿಂದ 50ರವರೆಗೆ ಅಂಚಿನ ಊರುಗಳ ಅಭಿವೃದ್ಧಿಗೆ ಬಳಸಲು ಕಾನೂನಿನಲ್ಲೇ ಅವಕಾಶವಿದೆ. ರುವಾಂಡಾ 2017ರಲ್ಲಿ ಈ ಪಾಲನ್ನು ಶೇ 5ರಿಂದ 10ಕ್ಕೆ ಏರಿಸಿತು. ಬೆಳೆ ಹಾನಿ, ಕಾಡುಪ್ರಾಣಿಯ ಭಯ ಎಲ್ಲ ಅನುಭವಿಸುವವರು ಅಂಚಿನ ಜನ. ಅವರಿಗೆ ಬರುವ ಹಣವನ್ನು ದಾನ ಎಂದು ನೋಡುವುದು ತಪ್ಪು, ಅದು ಅವರ ಬಾಕಿ.

ಮೂಲನಿವಾಸಿಗಳ ಜೊತೆ ಕೆಲಸ ಮಾಡುವವರು: ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಹಣದ ಮಾತಿಗೂ ಮುಂಚೆ ‘ಇಲ್ಲಿ ಬೇಡ’ ಎನ್ನುವ ಪಟ್ಟಿ ಆಗಬೇಕು. ಯಾವ ಜಾಗಕ್ಕೆ ಯಾರೂ ಹೋಗಬಾರದು, ಯಾವ ಆಚರಣೆಯ ಫೋಟೊ ತೆಗೆಯಬಾರದು, ಯಾವ ಕಾಲದಲ್ಲಿ ಊರಿಗೆ ಅತಿಥಿಗಳೇ ಬೇಡ ಎಂದು ಹಿರಿಯರನ್ನು ಕೂರಿಸಿಕೊಂಡು ಕೇಳಿ. ಹೆಂಗಸರನ್ನು ಬೇರೆಯಾಗಿ ಕೇಳಿ, ಅವರ ಪಟ್ಟಿ ಬೇರೆಯೇ ಇರುತ್ತದೆ.

ಒಮ್ಮೆ ತೆರೆದ ದಾರಿ ಮುಚ್ಚುವುದು ಎಷ್ಟು ಕಷ್ಟ ನೋಡಿ. ಆಸ್ಟ್ರೇಲಿಯಾದ ಉಲುರು ಬಂಡೆ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಪವಿತ್ರ. 1985ರಲ್ಲಿ ಆ ನೆಲದ ಒಡೆತನ ಅವರಿಗೆ ಮರಳಿತು. ದಯವಿಟ್ಟು ಹತ್ತಬೇಡಿ ಎಂದು ಅವರು ಕೇಳಿಕೊಳ್ಳುತ್ತಲೇ ಇದ್ದರೂ ಹತ್ತುವುದು ಅಧಿಕೃತವಾಗಿ ನಿಂತದ್ದು 2019ರ ಅಕ್ಟೋಬರ್ 26ರಂದು. ನೆಲ ಕೈಗೆ ಬಂದ ಮೇಲೂ 34 ವರ್ಷ!

ಆ ಪಟ್ಟಿಯನ್ನು ನಕ್ಷೆ ಮಾಡಿ ಹಂಚಬೇಡಿ, ಗುಟ್ಟಿನ ಜಾಗ ಅದರಿಂದಲೇ ಬಯಲಾಗುತ್ತದೆ. ಯಾವ ದಾರಿಯಲ್ಲಿ ಹೋಗಬಹುದು ಎಂಬುದನ್ನಷ್ಟೇ ಹೇಳಿ.

ಮಾರ್ಗದರ್ಶಿಗಳಿಗೆ ತರಬೇತಿ ಕೊಡುವವರು: ದಿನಕ್ಕೆ ಎಷ್ಟು ಜನ ಬರಬಹುದು ಎನ್ನುವುದೇ ಎಲ್ಲರ ಮೊದಲ ಪ್ರಶ್ನೆ. ಸಂಖ್ಯೆ ಬೇಕು, ನಿಜ. ಪರ್ವತ ಗೊರಿಲ್ಲಾಗಳನ್ನು ನೋಡಲು ರುವಾಂಡಾದಲ್ಲಿ ಒಂದು ಗುಂಪಿನ ಬಳಿಗೆ ದಿನಕ್ಕೆ ಎಂಟೇ ಪ್ರವಾಸಿಗರು, ಅದೂ ಒಂದೇ ಗಂಟೆ. ನೆಗಡಿ ಕೆಮ್ಮು ಇದ್ದವರನ್ನು ಬಿಡುವುದಿಲ್ಲ, ಏಕೆಂದರೆ ಮನುಷ್ಯರ ಉಸಿರಾಟದ ಕಾಯಿಲೆ ಗೊರಿಲ್ಲಾಗಳಿಗೂ ಹತ್ತುತ್ತದೆ. ಅಲ್ಲಿ ಸಂಖ್ಯೆಗೆ ಕಾರಣ ಇದೆ.

ಆದರೆ ಸಂಖ್ಯೆಯೊಂದೇ ಸಾಲದು. ಹತ್ತು ಜನ ಸದ್ದಿಲ್ಲದೆ ನಡೆದುಹೋಗುವುದಕ್ಕೂ ನಾಲ್ಕೇ ಜನ ದಾರಿ ಬಿಟ್ಟು ಗೂಡಿನ ಹತ್ತಿರ ನುಗ್ಗುವುದಕ್ಕೂ ಬಹಳ ವ್ಯತ್ಯಾಸ. ಅಮೆರಿಕದ ಅರಣ್ಯ ಸೇವೆಯವರು 1985ರಲ್ಲಿ ಮುಂದಿಟ್ಟ ಒಂದು ಕ್ರಮ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ: ಎಷ್ಟು ಜನ ಎನ್ನುವ ಬದಲು ಎಷ್ಟು ಬದಲಾವಣೆಯವರೆಗೆ ಸಹಿಸಬಹುದು ಎಂದು ಮೊದಲು ನಿಶ್ಚಯಿಸಿ. ಕಾಲುದಾರಿ ಇಷ್ಟು ಅಗಲ ಮೀರಬಾರದು, ಹಳ್ಳದ ನೀರು ಇಷ್ಟು ತಿಳಿಯಾಗಿರಬೇಕು, ಈ ಹಕ್ಕಿ ಪ್ರತಿವರ್ಷ ಇಲ್ಲೇ ಗೂಡು ಕಟ್ಟಬೇಕು. ಗೆರೆ ದಾಟಿದರೆ ಏನು ಮಾಡುತ್ತೀರಿ ಎನ್ನುವುದನ್ನೂ ಆಗಲೇ ಬರೆದಿಡಿ. ದುಡ್ಡು ಬರಲು ಶುರುವಾದ ಮೇಲೆ ಆ ಗೆರೆ ಎಳೆಯುವ ಧೈರ್ಯ ಯಾರಿಗೂ ಬರುವುದಿಲ್ಲ.

ಥಾಯ್ಲೆಂಡಿನ ಮಾಯಾ ಕೊಲ್ಲಿಯಲ್ಲಿ ಹವಳ ಹಾಳಾದ ಮೇಲೆ 2018ರ ಜೂನ್‌ನಲ್ಲಿ ಬಾಗಿಲು ಹಾಕಿದರು, ತೆರೆದದ್ದು 2022ರ ಜನವರಿಯಲ್ಲಿ. ಈಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ, ದ್ವೀಪದ ಹಿಂಬದಿಗೆ ನಿಲ್ಲಬೇಕು. ಜನ ಇಲ್ಲದಾಗ ಶಾರ್ಕ್‌ಗಳು ವಾಪಸು ಬಂದವು. ಅಂದರೆ ಪ್ರತಿವರ್ಷ ಒಂದಷ್ಟು ತಿಂಗಳ ಬಿಡುವು ಮೊದಲಿಂದಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಅಳೆಯುವವರು ಯಾರು? ಊರವರೇ. ನಮೀಬಿಯಾದ ಸಮುದಾಯ ಸಂರಕ್ಷಣಾ ಪ್ರದೇಶಗಳಲ್ಲಿ ಸ್ಥಳೀಯ ಕಾವಲುಗಾರರೇ ಪ್ರಾಣಿ ಕಂಡದ್ದು, ಬೇಟೆ ನಡೆದದ್ದು, ಬೆಳೆ ಹಾಳಾದದ್ದು ಎಲ್ಲವನ್ನೂ ಸರಳ ಪುಸ್ತಕದಲ್ಲಿ ದಾಖಲಿಸುತ್ತಾರೆ. ಆ ಪುಸ್ತಕ ಊರಿನಲ್ಲೇ ಇರುತ್ತದೆ, ಏನನ್ನು ದಾಖಲಿಸಬೇಕೆಂದು ನಿರ್ಧರಿಸುವವರೂ ಅವರೇ. ದೊಡ್ಡ ಉಪಕರಣ ಬೇಡ. ಒಂದು ನೋಟ್‌ಬುಕ್, ಬಿಡದೆ ಬರೆಯುವ ಇಬ್ಬರು, ಅವರಿಗೆ ಸಂಬಳ. ಸಂಬಳ ಕಡ್ಡಾಯ. ಪುಕ್ಕಟೆಯಾಗಿ ಎಷ್ಟು ದಿನ ಬರೆಯುತ್ತಾರೆ?

ಮನೆಯಲ್ಲೇ ಅತಿಥಿಗಳನ್ನು ಇಟ್ಟುಕೊಳ್ಳುವವರು: ಅತಿಥಿ ಬಂದರೆ ಅಡುಗೆ, ಹಾಸಿಗೆ, ಬಟ್ಟೆ, ನೀರು ಎಲ್ಲ ಹೆಂಗಸರ ತಲೆ ಮೇಲೆ ಬೀಳುತ್ತದೆ. ಹಣ ಮಾತ್ರ ಮನೆಯ ಗಂಡಸಿನ ಖಾತೆಗೆ. ಕೆಲಸ ಮಾಡಿದವರ ಖಾತೆಗೇ ಹೋಗಲಿ ಎಂದು ಮೊದಲ ದಿನವೇ ನಿಯಮ ಮಾಡಿ. ಬೇಸಿಗೆಯಲ್ಲಿ ಬಾವಿ ಬತ್ತುವ ಊರಾದರೆ ಅತಿಥಿಯ ಸ್ನಾನಕ್ಕೆ ಎಷ್ಟು ನೀರು ಅನ್ನುವುದೂ ಊರಿನ ತೀರ್ಮಾನವೇ ಆಗಬೇಕು. ಹೊಲ, ದನ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. 2020ರಲ್ಲಿ ಪ್ರಪಂಚದಲ್ಲೆಲ್ಲ ಪ್ರವಾಸ ನಿಂತಾಗ ಅತಿಥಿಗಳನ್ನೇ ನಂಬಿದವರ ಕೈ ಖಾಲಿಯಾಯಿತು.

ಕೇಳಿದವರು: ಎಲ್ಲರಿಗೂ ಧನ್ಯವಾದ. ಊರಲ್ಲೇ ಒಮ್ಮತ ಬರದಿದ್ದರೆ?

ಮೂಲನಿವಾಸಿಗಳ ಜೊತೆ ಕೆಲಸ ಮಾಡುವವರು: ಹಾಗಾದರೆ ಸಹಿ ಹಾಕಬೇಡಿ. ಮೂಲನಿವಾಸಿಗಳ ನೆಲದಲ್ಲಿ ಯೋಜನೆ ತರುವ ಮೊದಲು ಒತ್ತಾಯವಿಲ್ಲದ, ವಿಷಯ ತಿಳಿದು ಕೊಟ್ಟ ಒಪ್ಪಿಗೆ ಪಡೆಯಬೇಕು ಎನ್ನುವುದು 2007ರ ವಿಶ್ವಸಂಸ್ಥೆಯ ಘೋಷಣೆಯಲ್ಲೇ ಇದೆ. ಬೇರೆ ಊರುಗಳಿಗೂ ಅದೇ ಒಳ್ಳೆಯ ಅಳತೆ ಎಂದು ನನ್ನ ನಂಬಿಕೆ. ಕಂಪನಿ ಅವಸರ ಮಾಡಿದರೆ ಕಟ್ಟಡ ಬೇಡ, ಒಂದು ಋತು ಮಾತ್ರ ಸಣ್ಣ ಗುಂಪುಗಳನ್ನು ಕರೆತನ್ನಿ, ಆಮೇಲೆ ಸಭೆ ಸೇರಿ ಹೇಳುತ್ತೇವೆ ಎನ್ನಿ. ಅದಕ್ಕೂ ಒಪ್ಪದಿದ್ದರೆ ಮುಂದೆ ನಿಮ್ಮ ಮಾತಿಗೆ ಎಷ್ಟು ಬೆಲೆ ಕೊಡುತ್ತಾರೆ ಎಂದು ಈಗಲೇ ಗೊತ್ತಾಗುತ್ತದೆ. ಕರಡು ಒಪ್ಪಂದ ಕೈಗೆ ಬಂದಾಗ ಇಲ್ಲಿ ಹಾಕಿ, ಒಂದೊಂದೇ ಕಲಮು ಕೂತು ನೋಡೋಣ.