ಚಾವಣಿ ಮೇಲೆ ಹೆರಿಂಗ್ ಗಲ್ ಗೂಡು: ಇವುಗಳ ಆಟ ಯಾರಾದರೂ ಬಿಡಿಸಿ ಹೇಳಿ

ಅಲೆಮಾರಿ:
ಇಂಗ್ಲೆಂಡಿನ ಕಡಲತೀರದ ಊರಿನಲ್ಲಿ ಬಾಡಿಗೆಗೆ ಇದ್ದೇನೆ. ಚಾವಣಿಯ ಮೇಲೆ ಹೆರಿಂಗ್ ಗಲ್ ಜೋಡಿ ಮರಿ ಮಾಡಿದೆ. ಬೂದು ಬೆನ್ನು, ಗುಲಾಬಿ ಕಾಲು, ಹಳದಿ ಕೊಕ್ಕಿನ ದೊಡ್ಡ ಕಡಲಹಕ್ಕಿ. ಮರಿ ಹೊರಬಂದಾಗಿನಿಂದ ನಾನು ಬಾಗಿಲು ತೆಗೆದರೆ ಸಾಕು, ಕಿರುಚುತ್ತಾ ತಲೆ ಮೇಲೆ ಎರಗುತ್ತವೆ. ಅದಿರಲಿ, ಹುಲ್ಲಿನ ಮೇಲೆ ನಿಂತು ಪಟಪಟ ಕಾಲು ಬಡಿಯುತ್ತಾ ಕುಣಿಯುವುದು ಯಾಕೆ? ಒಂದರ ಕೊಕ್ಕಿನ ತುದಿಯಿಂದ ಯಾವಾಗಲೂ ನೀರು ತೊಟ್ಟಿಕ್ಕುತ್ತದೆ, ಅದಕ್ಕೇನು ಶೀತವಾ? ಇವುಗಳ ಜೊತೆ ಕಂದು ಬಣ್ಣದ ಚುಕ್ಕೆ ಚುಕ್ಕೆ ಹಕ್ಕಿಗಳೂ ಬರುತ್ತವೆ, ಅವು ಬೇರೆ ಜಾತಿಯಾ? ಪಕ್ಕದ ಮನೆಯವರು ಗೂಡು ಕಿತ್ತುಹಾಕಿ ಅನ್ನುತ್ತಿದ್ದಾರೆ.

ಉಪ್ಪುಗಾಳಿ:
ಮೊದಲು ಗೂಡಿನ ವಿಷಯ. ಕೀಳಬೇಡಿ. ಅಲ್ಲಿ 1981ರ ವನ್ಯಜೀವಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಬಳಕೆಯಲ್ಲಿರುವ ಗೂಡು, ಮೊಟ್ಟೆ ಮುಟ್ಟಿದರೆ ಅಪರಾಧ. ಊರು ತುಂಬಾ ಇವೇ ಕಾಣುತ್ತವೆ ಅಂತ ಜಾಸ್ತಿ ಇವೆ ಅಂದುಕೊಳ್ಳಬೇಡಿ, ಒಟ್ಟು ಸಂಖ್ಯೆ ಕುಸಿದು ಬ್ರಿಟನ್ನಿನ ಕೆಂಪು ಪಟ್ಟಿ, ಅಂದರೆ ಹೆಚ್ಚು ಕಾಳಜಿ ಬೇಕಾದ ಹಕ್ಕಿಗಳ ಪಟ್ಟಿ ಸೇರಿರುವ ಹಕ್ಕಿ ಇದು.

ಕುಣಿತ ಎರೆಹುಳಕ್ಕಾಗಿ. ಕಾಲು ಬಡಿದಾಗ ನೆಲ ನಡುಗುತ್ತದೆ, ಹುಳ ಮೇಲೆ ಬರುತ್ತದೆ, ಗಬಕ್ ಅಂತ ಒಂದೇ ತುತ್ತು. ಮಳೆ ಬಿತ್ತು ಅಂದುಕೊಂಡು ಹುಳ ಬರುತ್ತದೆ ಅಂತ ಕೆಲವರು, ನೆಲ ಬಗೆದು ಹುಳ ತಿನ್ನುವ ಮೋಲ್ ಬಂತು ಅಂತ ಹೆದರಿ ಬರುತ್ತದೆ ಅಂತ ಇನ್ನು ಕೆಲವರು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ.

ನೀರು ತೊಟ್ಟಿಕ್ಕುವುದು ಶೀತ ಅಲ್ಲ ಮಾರಾಯರೆ, ಉಪ್ಪು! ಕಣ್ಣಿನ ಮೇಲೆ ತಲೆಬುರುಡೆಯಲ್ಲಿ ಎರಡು ಗ್ರಂಥಿ ಇವೆ. ರಕ್ತದಲ್ಲಿ ಹೆಚ್ಚಾದ ಉಪ್ಪನ್ನು ಅವು ಸಮುದ್ರದ ನೀರಿಗಿಂತಲೂ ಗಟ್ಟಿ ಉಪ್ಪುನೀರಾಗಿ ಮಾಡಿ ಮೂಗಿನ ಹೊಳ್ಳೆಯಿಂದ ಹೊರಗೆ ಬಿಡುತ್ತವೆ. ಅದು ಕೊಕ್ಕಿನ ಮೇಲೆ ಹರಿದು ತುದಿಯಲ್ಲಿ ಹನಿಯಾಗುತ್ತದೆ, ಹಕ್ಕಿ ತಲೆ ಕೊಡವುತ್ತದೆ. ಹಾಗಾಗಿಯೇ ಸಮುದ್ರದ ನೀರು ಕುಡಿದೂ ಆರಾಮಾಗಿರುತ್ತದೆ.

ಕಂದು ಹಕ್ಕಿಗಳು ಬಹುಪಾಲು ಅದೇ ಜಾತಿಯ ಹುಡುಗರು. ದೊಡ್ಡವರ ಬೂದು-ಬಿಳಿ ಬಣ್ಣ ಪೂರ್ತಿ ಬರಲು ನಾಲ್ಕು ವರ್ಷ ಬೇಕು.

ಪುಕ್ಕಪುರಾಣ:
ಬೈನಾಕ್ಯುಲರ್ ಇದ್ದರೆ ದೊಡ್ಡ ಹಕ್ಕಿಯ ಕೆಳಕೊಕ್ಕು ನೋಡಿ, ತುದಿಯ ಹತ್ತಿರ ಒಂದು ಕೆಂಪು ಚುಕ್ಕೆ ಇರುತ್ತದೆ. ಮರಿ ಅದನ್ನೇ ಕುಕ್ಕುತ್ತದೆ. ಕುಕ್ಕಿದಾಗ ಅಪ್ಪನೋ ಅಮ್ಮನೋ ಹೊಟ್ಟೆಯಲ್ಲಿರುವುದನ್ನು ಕಕ್ಕಿ ತಿನ್ನಿಸುತ್ತದೆ. ನಿಕೋ ಟಿಂಬರ್ಗೆನ್ ಎಂಬ ವಿಜ್ಞಾನಿ ಇದನ್ನೇ ಹಿಡಿದುಕೊಂಡು ರಟ್ಟಿನ ತಲೆಗಳನ್ನು ಮಾಡಿ, ಚುಕ್ಕೆಯ ಬಣ್ಣ ಬದಲಿಸಿ ಬದಲಿಸಿ ಮರಿಗಳ ಮುಂದೆ ಹಿಡಿದರು. ಮಜಾ ಏನೆಂದರೆ, ಮೂರು ಬಿಳಿ ಪಟ್ಟಿ ಬಳಿದ ಒಂದು ತೆಳ್ಳನೆ ಕೆಂಪು ಕಡ್ಡಿ ಹಿಡಿದರೆ ನಿಜವಾದ ತಲೆಯಂಥ ಮಾದರಿಗಿಂತ ಅದಕ್ಕೇ ಮರಿ ಜಾಸ್ತಿ ಕುಕ್ಕಿತು! ಅಂದರೆ ಮರಿ ಅಮ್ಮನ ಮುಖ ನೋಡುವುದೇ ಇಲ್ಲ, ಸಣ್ಣದು, ಕೆಂಪು, ಅಲ್ಲಾಡುತ್ತಿದೆ, ಅಷ್ಟು ಸಾಕು ಅದಕ್ಕೆ. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕೆ 1973ರಲ್ಲಿ ಲೊರೆಂಜ್, ಫ್ರಿಶ್ ಎಂಬ ಇನ್ನಿಬ್ಬರು ವಿಜ್ಞಾನಿಗಳ ಜೊತೆ ಅವರಿಗೂ ನೊಬೆಲ್ ಬಂತು.

ಚಾವಣಿಯ ಆಕರ್ಷಣೆ ಸುಲಭ. ಕಡಲಂಚಿನ ಬಂಡೆಯಷ್ಟೇ ಎತ್ತರ, ನರಿ ಹತ್ತುವುದಿಲ್ಲ.

ಖಾಲಿಪೊಟ್ಟಣ:
ನೀವೆಲ್ಲ ಹೊಗಳುವುದು ನೋಡಿ ನಗು ಬರುತ್ತಿದೆ. ಬೆಂಚಿನ ಮೇಲೆ ಕೂತು ತಿನ್ನುತ್ತಿದ್ದರೆ ಹಿಂದಿನಿಂದ ಬಂದು ಕೈಯಿಂದಲೇ ಕಿತ್ತುಕೊಂಡು ಹೋಯಿತು. ಶುದ್ಧ ದರೋಡೆಕೋರ ಹಕ್ಕಿ.

ಪುಕ್ಕಪುರಾಣ:
ದರೋಡೆಕೋರ ಅನ್ನುವುದಕ್ಕೆ ತಕರಾರಿಲ್ಲ, ಬೇರೆ ಹಕ್ಕಿ ಹಿಡಿದ ಮೀನನ್ನೂ ಹೀಗೇ ಕಿತ್ತುಕೊಳ್ಳುತ್ತವೆ. ಆದರೆ "ಹಿಂದಿನಿಂದ" ಅಂದಿರಲ್ಲ, ಗುಟ್ಟು ಅಲ್ಲೇ ಇದೆ. ಎಕ್ಸೆಟರ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚಿಪ್ಸ್ ಪೊಟ್ಟಣ ಇಟ್ಟು ಕೂತಿದ್ದರು. ಮನುಷ್ಯ ದಿಟ್ಟಿಸಿ ನೋಡುತ್ತಿದ್ದಾಗ ಗಲ್ ಹತ್ತಿರ ಬರಲು ಸರಾಸರಿ 21 ಸೆಕೆಂಡ್ ಹೆಚ್ಚು ತೆಗೆದುಕೊಂಡಿತು. ಅದಕ್ಕಿಂತ ಮುಖ್ಯ, 74 ಹಕ್ಕಿಗಳ ಮೇಲೆ ಪ್ರಯತ್ನಿಸಿದರೆ ಆಹಾರದ ಹತ್ತಿರ ಬಂದದ್ದು ಬರೀ 27. ಕಸಿಯುವುದು ಕೆಲವೇ ಧೈರ್ಯಶಾಲಿಗಳು, ಕೆಟ್ಟ ಹೆಸರು ಎಲ್ಲಕ್ಕೂ. ಗೋಡೆಗೆ ಬೆನ್ನು ಕೊಟ್ಟು ಕೂತು, ಹಕ್ಕಿಯ ಕಣ್ಣನ್ನೇ ನೋಡಿ.

ಅಲೆಮಾರಿ:
ಎಲ್ಲರಿಗೂ ಥ್ಯಾಂಕ್ಸ್. ಶೀತ ಅಂತ ಸುಮ್ನೆ ಮರುಕಪಟ್ಟಿದ್ದೆ! ಬಾಗಿಲ ಹತ್ತಿರದ ದಾಳಿ ಎಷ್ಟು ದಿನ ಇರುತ್ತದೆ?

ಉಪ್ಪುಗಾಳಿ:
ಮರಿ ಹಾರಲು ಐದಾರು ವಾರ ಬೇಕು. ಅಲ್ಲಿಯವರೆಗೆ ತಪ್ಪಿದ್ದಲ್ಲ, ಅದರಲ್ಲೂ ಹಾರಲು ಬಾರದ ಮರಿ ಚಾವಣಿಯಿಂದ ಕೆಳಗೆ ಬಿದ್ದರೆ ರೋಷ ಇನ್ನೂ ಹೆಚ್ಚು. ಮೊದಲು ಗ-ಗ-ಗ ಅಂತ ಎಚ್ಚರಿಕೆ ಕೊಡುತ್ತವೆ, ಆಮೇಲೆ ತಲೆಯ ಹತ್ತಿರದಿಂದ ಹಾಯುತ್ತವೆ, ಹಿಕ್ಕೆಯನ್ನೂ ಹಾಕುತ್ತವೆ, ಗುರಿ ಚೆನ್ನಾಗಿದೆ ಹುಷಾರು. ಹೊರಗೆ ಹೋಗುವಾಗ ಕೊಡೆ ಬಿಚ್ಚಿ ತಲೆ ಮೇಲೆ ಹಿಡಿದುಕೊಳ್ಳಿ. ಮರಿ ಅಂಗಳದಲ್ಲಿದ್ದರೆ ಎತ್ತಿಕೊಳ್ಳಬೇಡಿ, ದೊಡ್ಡವು ಕೆಳಗೇ ಬಂದು ತಿನ್ನಿಸುತ್ತವೆ. ಮುಂದಿನ ವರ್ಷ ಬೇಡ ಅನ್ನಿಸಿದರೆ ಚಳಿಗಾಲದಲ್ಲಿ, ಅವು ಗೂಡಿಗೆ ಜಾಗ ಹಿಡಿಯುವ ಮೊದಲೇ, ಮನೆ ಮಾಲೀಕರಿಗೆ ಹೇಳಿ ತಡೆ ಹಾಕಿಸಿ. ಒಮ್ಮೆ ಜಾಗ ಒಗ್ಗಿದರೆ ಅದೇ ಜೋಡಿ ಅಲ್ಲಿಗೇ ಮತ್ತೆ ಮತ್ತೆ ಬರುತ್ತದೆ.