ಬಚ್ಚಲ ಒಲೆ ಹತ್ತುತ್ತಿಲ್ಲ, ಬರೀ ಹೊಗೆ

ತೋಟದಮನೆ (ಸಾಗರ): ಸಾಕಾಗಿ ಹೋಗಿದೆ. ಮಳೆ ಹಿಡಿದಾಗಿನಿಂದ ಬೆಳಿಗ್ಗೆ ಹಂಡೆ ಒಲೆ ಹೊತ್ತಿಸುವುದೇ ದೊಡ್ಡ ಕೆಲಸ. ಅಡಿಕೆ ಸೋಗೆ ಭರ್ರನೆ ಉರಿದು ಆರುತ್ತದೆ, ಆಮೇಲೆ ಬಚ್ಚಲು ತುಂಬಾ ಹೊಗೆ, ಅಮ್ಮನಿಗೆ ಕೆಮ್ಮು ಬೇರೆ. ಬೇಗ ಹತ್ತುವಂಥದ್ದು ಏನಾದರೂ ಹೇಳಿ. ಆನ್‌ಲೈನ್‌ನಲ್ಲಿ ಸಿಗುವ ಮೇಣದ ಬಿಲ್ಲೆ ತರಿಸಲಾ?

ಹಳೇಒಲೆ: ಕಟ್ಟಿಗೆ ಹಸಿ ಇದೆ, ಅಷ್ಟೇ. ಏನು ತರಿಸಿದರೂ ದಂಡ. ಯಾವ ಮರ? ಅಕೇಶಿಯಾ ಆದರೆ ಬೇಸಿಗೆಯಲ್ಲೇ ಸೀಳಿ ಒಣಗಿಸಬೇಕು, ದುಂಡನೆಯ ಕುಂಟೆ (ಸೀಳದ ದಪ್ಪ ಕಟ್ಟಿಗೆ) ಒಳಗೆ ಒಣಗುವುದು ಬಹಳ ನಿಧಾನ.

ತೋಟದಮನೆ: ಒಣಗಿದೆ ಮಾರಾಯ್ರೆ. ಕೊಟ್ಟಿಗೆಯಲ್ಲೇ ಪೇರಿಸಿದ್ದು.

ಹಳೇಒಲೆ: ಕೊಟ್ಟಿಗೆಯಲ್ಲಿದ್ದರೆ ಒಣಗಿದೆ ಅಂತಲ್ಲ. ಈ ಗಾಳಿಗೆ ಒಣ ಕಟ್ಟಿಗೆಯೂ ತೇವ ಎಳೆದುಕೊಳ್ಳುತ್ತದೆ. ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ. ಟಣ್ ಅಂದರೆ ಒಣಗಿದೆ, ದಪ್ ಅಂದರೆ ಹಸಿ.

ಕುಮಟೆಯವ: ಸೈಕಲ್ ಟ್ಯೂಬಿನ ಒಂದು ಚೂರು ಇಡಿ. ಎಂಥಾ ಮಳೆಯಲ್ಲೂ ಹತ್ತುತ್ತದೆ.

ಕಾಫಿಕಣ (ಮೂಡಿಗೆರೆ): ದಯವಿಟ್ಟು ಟ್ಯೂಬ್ ಬೇಡ. ರಬ್ಬರ್ ಹೊಗೆ ವಿಷ, ಅದೂ ಕೆಮ್ಮುವವರಿರುವ ಮನೆಯಲ್ಲಿ.

ಕುಮಟೆಯವ: ಒಂದು ಬೆರಳಷ್ಟು ಚೂರಿಗೆ ಏನಾಗುತ್ತದೆ? ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೇ.

ಕಾಫಿಕಣ: ಎಲ್ಲರೂ ಮಾಡುತ್ತಾರೆ ಅಂತ ಹೊಗೆ ಒಳ್ಳೆಯದಾಗುವುದಿಲ್ಲ. ಸೀಮೆಎಣ್ಣೆಯೂ ಬೇಡ, ಕೆಂಡದ ಮೇಲೆ ಸುರಿದರೆ ಮುಖಕ್ಕೇ ಬೆಂಕಿ ಬರುತ್ತದೆ. ತೋಟದಮನೆಯವರೇ, ನೀವು ಸೋಗೆಯಿಂದ ನೇರ ಕುಂಟೆಗೆ ಹೋಗುತ್ತಿದ್ದೀರಿ ಅನ್ನಿಸುತ್ತದೆ, ನಡುವೆ ಏನೂ ಇಲ್ಲ. ಸೋಗೆ ಕುಂಟೆಗೆ ಬೆಂಕಿ ದಾಟಿಸುವಷ್ಟು ಹೊತ್ತು ಉರಿಯುವುದೇ ಇಲ್ಲ. ಅದರ ಮೇಲೆ ತೆಂಗಿನ ಗೆರಟೆ ನಾಲ್ಕು ಚೂರು, ಆಮೇಲೆ ಬೆರಳು ದಪ್ಪದ ಚಕ್ಕೆ, ಅದು ಕೆಂಡವಾದ ಮೇಲೆ ಕುಂಟೆ. ನಾವು ಕಾಫಿ ಗಿಡ ಕಸಿ ಮಾಡಿದಾಗ, ಅಂದರೆ ಗೆಲ್ಲು ಸವರಿದಾಗ ಬಂದ ಕಡ್ಡಿ ಕಟ್ಟು ಕಟ್ಟಿ ಒಲೆಯ ಮೇಲಿನ ಅಟ್ಟದಲ್ಲೇ ಇಡುತ್ತೇವೆ, ಆ ಶಾಖಕ್ಕೆ ಮಳೆಗಾಲ ಪೂರ್ತಿ ಗರಿಗರಿಯಾಗಿರುತ್ತದೆ. ಅಡಿಕೆ ಸಿಪ್ಪೆ ಮಾತ್ರ ಶುರುವಿಗೆ ಹಾಕಬೇಡಿ. ಅದು ಉರಿಯುವುದಕ್ಕಿಂತ ಹೊಗೆಯಾಡುವುದೇ ಜಾಸ್ತಿ.

ಶಿರಸಿಭಟ್ರು: ನಮ್ಮಲ್ಲಿ ಅಸ್ತ್ರ ಒಲೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನವರ ವಿನ್ಯಾಸ, ಒಂದೇ ಉರಿಗೆ ಮೂರು ಪಾತ್ರೆ. ಅಡುಗೆಮನೆ ಗೋಡೆ ಇನ್ನೂ ಬೆಳ್ಳಗಿದೆ. ಬೇಕಾದರೆ ಫೋಟೋ ಹಾಕುತ್ತೇನೆ.

ಹಳೇಒಲೆ: ಹಸಿ ಕಟ್ಟಿಗೆಗೆ ಅಸ್ತ್ರ ಒಲೆಯೂ ಹೊಗೆಯೇ ಕೊಡುತ್ತದೆ.

ತೋಟದಮನೆ: ಗೆರಟೆ ಇದೆ, ನಾಳೆ ನೋಡುತ್ತೇನೆ. ಅಂದಹಾಗೆ, ಮೇ ತಿಂಗಳಲ್ಲಿ ಹೊಗೆ ಪೈಪ್ ಹೊಸದು ಹಾಕಿಸಿದ್ದೆವು. ಮಾಡಿನ ಅಂಚಿನಿಂದ ಒಂದು ಮೊಳ ಮೇಲಿದೆ.

ಕಾಫಿಕಣ: ಅದನ್ನು ಮೊದಲೇ ಹೇಳಬೇಕಲ್ವಾ! ಪೈಪ್ ಮಾಡಿನ ನೆತ್ತಿಗಿಂತ ಕೆಳಗಿದ್ದರೆ ಗಾಳಿ ಹೊಗೆಯನ್ನು ವಾಪಸ್ ಒಳಗೆ ತಳ್ಳುತ್ತದೆ. ಪೈಪ್ ಎತ್ತರಿಸಿ. ಅಲ್ಲಿಯವರೆಗೆ ಒಲೆ ಹೊತ್ತಿಸುವ ಮುಂಚೆ ಉರಿಯುವ ಸೋಗೆ ಒಂದು ಹಿಡಿ ಪೈಪಿನ ಬಾಯಿಗೆ ಹಿಡಿಯಿರಿ, ಒಳಗಿನ ತಣ್ಣನೆ ಗಾಳಿ ಬಿಸಿಯಾದರೆ ಮೇಲಕ್ಕೆ ಎಳೆಯಲು ಶುರುವಾಗುತ್ತದೆ.

ಹಳೇಒಲೆ: ಪೈಪ್ ಆಮೇಲೆ. ತುಂಡು ಬಡಿದು ನೋಡಿದಿರಾ?

ಮಳೆಮನೆ (ತೀರ್ಥಹಳ್ಳಿ): ಶಿರಸಿಭಟ್ರೇ, ಅಸ್ತ್ರ ಒಲೆ ಕಟ್ಟುವವರು ನಮ್ಮ ಕಡೆ ಯಾರಾದರೂ ಇದ್ದಾರಾ? ಫೋಟೋ ಹಾಕಿ, ಅಳತೆಯೂ ಬೇಕು.